ಕೋರ್ಟಿನ ಹಿಂದಿನ ಕೋಣೆ

ಹೊಸ ಊರಿಗೆ ಹೋದ ಮೊದಲ ವಾರ ಒಬ್ಬೊಬ್ಬರು ಒಂದೊಂದನ್ನು ಹುಡುಕುತ್ತಾರೆ. ನನ್ನ ಮಗಳು ಆಶಾ ಮೊದಲು ಸ್ಕೂಲು ನೋಡುತ್ತಾಳೆ. ಅಳಿಯನಿಗೆ ಟ್ರೇನ್ ಸ್ಟೇಷನ್ ಎಷ್ಟು ದೂರ ಎಂಬುದು ಮುಖ್ಯ. ನನ್ನ ವಯಸ್ಸಿನ ಹೆಂಗಸರಾದರೆ ದೇವಸ್ಥಾನ ಎಲ್ಲಿದೆ, ಕರಿಬೇವು ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಾರೆ. ನಾನು ಕೇಳುವುದು, ಇಲ್ಲಿಯ ಹಳೇ ಕೋರ್ಟು ಎಲ್ಲಿದೆ ಎಂದು.

ನಗಬೇಡಿ. ನನ್ನ ಮೇಲೆ ಯಾವ ಕೇಸೂ ಇಲ್ಲ. ಇದೊಂದು ಚಟ, ಕೆಲವರಿಗೆ ನಶ್ಯ ಇದ್ದ ಹಾಗೆ. ಅಳಿಯನ ಕೆಲಸ ನಮ್ಮನ್ನು ಬ್ರಿಸ್ಬೇನಿನ ಫಾರೆಸ್ಟ್ ಲೇಕಿಗೆ ತಂದು ಹಾಕಿದಾಗಲೂ ಇದನ್ನೇ ಕೇಳಿದ್ದೆ. ಆಶಾ ಪೆಟ್ಟಿಗೆ ಬಿಚ್ಚುತ್ತಿದ್ದವಳು ಸೊಂಟಕ್ಕೆ ಕೈಯಿಟ್ಟುಕೊಂಡು, "ಅಮ್ಮ, ಇಲ್ಲಿ ಕೆರೇನೇ ಮೊನ್ನೆ ಮೊನ್ನೆ ತೋಡಿದ್ದು. ನಿಂಗೆ ಹಳೇ ಕೋರ್ಟು ಎಲ್ಲಿಂದ ತರ್ಲಿ?" ಎಂದಳು. ನಿಜ, ಆ ಕೆರೆಗೇ ನನ್ನ ಮಗಳಿಗಿಂತ ಕಡಿಮೆ ವಯಸ್ಸು. ಅದರ ಸುತ್ತ ವಾಕಿಂಗ್ ಮಾಡುತ್ತ, ಬಾತುಕೋಳಿಗಳನ್ನು ನೋಡುತ್ತ ನಾಲ್ಕು ವರ್ಷ ಕಳೆದೆ. ಇಟ್ ವಾಸ್ ಲವ್ಲಿ, ಇಲ್ಲ ಅನ್ನುವುದಿಲ್ಲ. ಆದರೆ ಗೋಡೆಗೆ ಕೈಯಿಟ್ಟರೆ ಏನೂ ನೆನಪಾಗದ ಊರು ಅದು. ಆಮೇಲೆ ಅಳಿಯನಿಗೆ ಅಡಿಲೇಡಿಗೆ ಟ್ರಾನ್ಸ್‌ಫರ್ ಆಯಿತು. ಪ್ರಾಸ್ಪೆಕ್ಟಿನಲ್ಲಿ ಮನೆ ಮಾಡಿದೆವು. ಅಲ್ಲಿ ಗೋಡೆಗಳೆಲ್ಲ ಕಲ್ಲಿನವು, ವರಾಂಡಾಗಳಿಗೆಲ್ಲ ತಗಡಿನ ಮಾಡು. ನನಗೆ ಜೀವ ಬಂದಂತಾಯಿತು.

ಈ ಚಟ ಹತ್ತಿಸಿದವರು ನಮ್ಮಪ್ಪ. ಅವರು ಮುನ್ಸೀಫ್ ಮ್ಯಾಜಿಸ್ಟ್ರೇಟರು. ಮೂರು ವರ್ಷಕ್ಕೊಂದು ಊರು. ವರ್ಗವಾಗಿ ಬಂದ ದಿನ ಸಾಯಂಕಾಲ, ಅಮ್ಮ ಇನ್ನೂ ಕ್ವಾರ್ಟರ್ಸಿನ ಒಲೆ ಹೊತ್ತಿಸುವುದರೊಳಗೆ, ನನ್ನನ್ನೂ ನನ್ನ ತಮ್ಮ ಶೀನುವನ್ನೂ ಕೈಹಿಡಿದುಕೊಂಡು ಖಾಲಿ ಕೋರ್ಟಿಗೆ ಕರೆದುಕೊಂಡು ಹೋಗುತ್ತಿದ್ದರು. ನಾವು ಎಲ್ಲಿ ಬೇಕಾದರೂ ಕೂರಬಹುದಿತ್ತು, ಅವರ ಕುರ್ಚಿಯೊಂದನ್ನು ಬಿಟ್ಟು. ಅವರು ಮಾತ್ರ ನೆಟ್ಟಗೆ ಕಟಕಟೆಗೆ ಹೋಗಿ, ಆರೋಪಿಗಳು ನಿಲ್ಲುವ ಜಾಗದಲ್ಲಿ ನಿಂತುಕೊಂಡು ತಮ್ಮ ಖಾಲಿ ಕುರ್ಚಿಯನ್ನೇ ದಿಟ್ಟಿಸುತ್ತಿದ್ದರು. "ಯಾಕಪ್ಪಾ ಅಲ್ಲಿ ನಿಲ್ತೀರಿ?" ಎಂದು ಒಮ್ಮೆ ಕೇಳಿದ್ದೆ. "ಇಲ್ಲಿಂದ ನಾನು ಹೇಗೆ ಕಾಣ್ತೀನಿ ಅಂತ ಒಂದ್ಸಲ ನೋಡ್ಕೋಬೇಕಲ್ಲಮ್ಮ" ಎಂದಿದ್ದರು.

ಊರು ಬದಲಾದರೂ ಕೋರ್ಟು ಬದಲಾಗುತ್ತಿರಲಿಲ್ಲ. ಎದುರಿಗೆ ವರಾಂಡಾ, ನೋಟೀಸು ಹಚ್ಚುವ ಹಲಗೆ, ಗೋಂದು ಮತ್ತು ಮಸಿಯ ವಾಸನೆ. ಹಿಂದೆ ಎರಡು ಕೋಣೆಯ ಸಬ್‌ಜೈಲು. ಅದಕ್ಕೆ ಅಂಟಿಕೊಂಡ ಹಾಗೆ ನಮ್ಮ ಕ್ವಾರ್ಟರ್ಸು. ನಮ್ಮ ಅಡುಗೆಮನೆಯ ಒಗ್ಗರಣೆ ಕೈದಿಗಳ ಮೂಗಿಗೆ, ಅವರ ಬೀಡಿ ಹೊಗೆ ನಮ್ಮ ಮೂಗಿಗೆ.

ನಾನೀಗ ಹೇಳಹೊರಟಿರುವ ಊರಿನಲ್ಲಿ ಮರಿಯಪ್ಪ ಎಂಬ ದಲಾಯತನಿದ್ದ. ಎದೆಯ ಮೇಲೆ ಹಿತ್ತಾಳೆ ಬಿಲ್ಲೆ, ಸೊಂಟಕ್ಕೆ ಕೆಂಪು ಪಟ್ಟಿ. ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿಗಾರರ ಹೆಸರು ಕೂಗುವುದು ಅವನ ಕೆಲಸ. ಮೂರು ಸಲ ಕೂಗಬೇಕು. ಮೂರನೆಯ ಕೂಗಿಗೂ ಬರದಿದ್ದರೆ ಕೇಸು ಹೋದ ಹಾಗೆ. ಹಳ್ಳಿಯ ಕಡೆಯ ಬಸ್ಸು ಬರುವುದೇ ತಡ. ಹಾಗಾಗಿ ಮರಿಯಪ್ಪ ಎರಡು ಸಲ ಚಕಚಕನೆ ಕೂಗಿ, ಮೂರನೆಯ ಸಲಕ್ಕೆ ಹೆಸರಿನ ಮೊದಲ ಅಕ್ಷರ ಎಳೆಯುತ್ತ ಮೆಟ್ಟಿಲಿಳಿದು, ಬೇವಿನ ಮರ ದಾಟಿ, ಗೇಟಿನವರೆಗೆ ನಡೆದು, ರಸ್ತೆಯ ತುದಿಯಲ್ಲಿ ಧೂಳು ಕಂಡ ಮೇಲೆಯೇ ಹೆಸರು ಮುಗಿಸುತ್ತಿದ್ದ. ಅಷ್ಟು ಹೊತ್ತೂ ಅಪ್ಪ ಒಳಗೆ ಮೂಗಿನ ಮೇಲಿದ್ದ ಕನ್ನಡಕವನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದರಂತೆ. ಇಂಥ ನ್ಯಾಯ ಯಾವ ಲಾ ಕಾಲೇಜಿನಲ್ಲಿ ಹೇಳಿಕೊಡುತ್ತಾರೋ ಕಾಣೆ.

ಎಲ್ಲಿಂದ ಎಲ್ಲಿಗೋ ಬಂದೆ. ಅಡಿಲೇಡಿನಿಂದ ಒಂದೂವರೆ ಗಂಟೆ ಕಾರಿನಲ್ಲಿ ಹೋದರೆ ಗೋಧಿ ಹೊಲಗಳ ನಡುವೆ ಒಂದು ಪುಟ್ಟ ಊರಿದೆ. ಪ್ರಾಸ್ಪೆಕ್ಟಿಗೆ ಬಂದ ಹೊಸದರಲ್ಲಿ, ನನ್ನ ಕಾಟ ತಾಳಲಾರದೆ, ಆಶಾ ಅಲ್ಲಿಗೆ ಕರೆದುಕೊಂಡು ಹೋದಳು. ಮುಂದೆ ಕೋರ್ಟು, ಹಿಂದೆ ಜೈಲು, ಪಕ್ಕದಲ್ಲಿ ಜೈಲಿನ ಕೀಪರನ ಮನೆ. ನಾನು ಕಾರಿನಿಂದ ಇಳಿದವಳು ಅಲ್ಲೇ ನಿಂತುಬಿಟ್ಟೆ. ಬೇವಿನ ಮರ ಇರಬೇಕಾದ ಕಡೆ ಯೂಕಲಿಪ್ಟಸ್ ಇತ್ತು. ಉಳಿದದ್ದೆಲ್ಲ ಇದ್ದಲ್ಲೇ ಇತ್ತು. ಎರಡೂ ದೇಶಕ್ಕೆ ನಕ್ಷೆ ಕಳಿಸಿದವರು ಒಬ್ಬರೇ ತಾನೆ.

ಅಲ್ಲಿ ಈಗ ವಿಚಾರಣೆಯೂ ಇಲ್ಲ, ಕೈದಿಗಳೂ ಇಲ್ಲ. ಊರಿನ ಹಿರಿಯರೇ ಸೇರಿಕೊಂಡು ಮ್ಯೂಸಿಯಂ ಮಾಡಿದ್ದಾರೆ. ತೋರಿಸುವವಳು ಮಾರ್ಜರಿ, ಎಂಬತ್ತು ದಾಟಿದ ಮುದುಕಿ, ಬೆನ್ನು ಮಾತ್ರ ನನ್ನದಕ್ಕಿಂತ ನೆಟ್ಟಗೆ. ತಿಂಗಳಿಗೊಮ್ಮೆ ಮ್ಯಾಜಿಸ್ಟ್ರೇಟರು ಕುದುರೆಗಾಡಿಯಲ್ಲಿ ಬರುತ್ತಿದ್ದರಂತೆ. ಅವರು ಬರುವವರೆಗೆ ಹಿಡಿದವರನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕುವುದು. ಕುಡಿದು ಗಲಾಟೆ ಮಾಡಿದವರು, ಕುದುರೆ ಕದ್ದವರು, ಪಾದ್ರಿಯನ್ನು ಬೈದವನೊಬ್ಬ. ಕೀಪರನ ಹೆಂಡತಿಯೇ ಎಲ್ಲರಿಗೂ ಅಡುಗೆ ಮಾಡಿ ಹಾಕುತ್ತಿದ್ದಳು. ಅವಳ ಮಕ್ಕಳು ಜೈಲಿನ ಅಂಗಳದಲ್ಲೇ ಆಡಿ ಬೆಳೆದರು. "ಪೂರ್ ಥಿಂಗ್ಸ್" ಎಂದಳು ಮಾರ್ಜರಿ. ನಾನು, "ನಾಟ್ ಅಟ್ ಆಲ್, ಮಾರ್ಜರಿ. ನಾವೂ ಹಾಗೇ ಬೆಳೆದವರು" ಎಂದು ನಮ್ಮ ಜೈಲಿನ ಕಥೆ ಶುರುಮಾಡಿದೆ. ಆಶಾ ಕಾರಿನ ಕೀ ತಿರುಗಿಸುತ್ತ, "ಶುರುವಾಯ್ತು" ಎಂದು ಗೊಣಗಿದಳು.

ನಮ್ಮ ಜೈಲಿನ ಕಥೆ ಎಂದರೆ ನಮ್ಮ ಬಳಗದಲ್ಲಿ ಫೇಮಸ್ಸು. ಮದುವೆಯ ಮನೆಗಳಲ್ಲಿ ಹೇಳಿದ್ದೇನೆ, ಆಸ್ಪತ್ರೆಯ ವೇಟಿಂಗ್ ರೂಮಿನಲ್ಲಿ ಹೇಳಿದ್ದೇನೆ, ಪರ್ತಿನ ವಿಲೆಟನ್ನಿನಲ್ಲಿ ಶೀನುವಿನ ಮನೆಯ ಹಿತ್ತಲಿನಲ್ಲಿ ಅವನ ಗಣಿ ಕೆಲಸದ ಸ್ನೇಹಿತರಿಗೆಲ್ಲ ಹೇಳಿದ್ದೇನೆ. ಕಥೆ ಇಷ್ಟು:

ನನಗೆ ಹತ್ತು ವರ್ಷ, ಶೀನುವಿಗೆ ಎಂಟು. ಕೋರ್ಟಿನ ಗುಮಾಸ್ತರ ಮೇಜಿನಿಂದ ಅರಗಿನ ಕಡ್ಡಿಯೊಂದು ಕಾಣೆಯಾಯಿತು. ಲಕೋಟೆಗೆ ಮೊಹರು ಒತ್ತುತ್ತಾರಲ್ಲ, ಆ ಕೆಂಪು ಅರಗು. ಸಂಜೆ ನೋಡಿದರೆ ಶೀನುವಿನ ಚಡ್ಡಿ ಜೇಬು ಕೆಂಪಾಗಿ ಅಂಟಿಕೊಂಡಿದೆ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. "ಸರ್ಕಾರಿ ವಸ್ತು. ವಿಚಾರಣೆ ಆಗಲಿ" ಎಂದರು. ಶನಿವಾರ ಮಧ್ಯಾಹ್ನ ಕೋರ್ಟು ಖಾಲಿಯಾದ ಮೇಲೆ ಕೋಟು ಹಾಕಿಕೊಂಡೇ ಕುರ್ಚಿಯಲ್ಲಿ ಕೂತರು. ಮರಿಯಪ್ಪ ಬಾಗಿಲಲ್ಲಿ ನಿಂತು ಶ್ರೀನಿವಾಸಾ ಎಂದು ಎರಡು ಸಲ ಕೂಗಿದ. ಮೂರನೆಯದನ್ನು ಗೇಟಿನವರೆಗೂ ಎಳೆದ, ಹುಡುಗ ಅಷ್ಟರಲ್ಲಿ ಎಲ್ಲಾದರೂ ಓಡಿಹೋಗಲಿ ಎಂದು. ಶೀನು ಓಡಲಿಲ್ಲ. ಬಂದು ಕಟಕಟೆಯಲ್ಲಿ ನಿಂತ. ಹೊರಗೆ ಕಾಣುತ್ತಿದ್ದುದು ಅವನ ಕ್ರಾಪಿನ ಒಂದು ಕುಚ್ಚು ಮಾತ್ರ. ಸಾಕ್ಷಿ ನಾನು. ಕಾನ್ವೆಂಟಿನ ಯೂನಿಫಾರ್ಮು, ಎರಡು ಜಡೆ, ನೀಲಿ ರಿಬ್ಬನ್ನು. "ಯೆಸ್, ಯುವರ್ ಆನರ್. ಐ ಸಾ ಹಿಮ್ ವಿತ್ ಮೈ ಓನ್ ಐಸ್." ಸಿಸ್ಟರ್ ಫಿಲೋಮಿನಾ ಕಲಿಸಿದ ಉಚ್ಚಾರಣೆ. ಅಪ್ಪ ನಗು ತಡೆದುಕೊಳ್ಳಲು ಕರ್ಚೀಫು ತೆಗೆದರು. ಶಿಕ್ಷೆ, ಹಿಂದಿನ ಕೋಣೆಯಲ್ಲಿ ಅರ್ಧ ಗಂಟೆ.

ಆ ಕೋಣೆಯಲ್ಲಿ ಮೇಕೆ ಕದ್ದ ಆಪಾದನೆಯ ಒಬ್ಬ ಮುದುಕನಿದ್ದ. ಶೀನುವನ್ನು ಒಳಗೆ ಬಿಟ್ಟ ಹತ್ತು ನಿಮಿಷಕ್ಕೆ ಯಾರೋ ಮೇಲಿನ ಸಾಹೇಬರು ಹೇಳದೆ ಕೇಳದೆ ತಪಾಸಣೆಗೆ ಬಂದಿಳಿದು, ಅಪ್ಪ ಪ್ರವಾಸಿ ಬಂಗಲೆಗೆ ಓಡಿದರು. ಮಗನನ್ನು ಮರೆತರು. ಅವರು ಬರದೆ ಬಾಗಿಲು ತೆಗೆಯಲು ವಾರ್ಡರನಿಗೆ ಧೈರ್ಯವಿಲ್ಲ. ಅರ್ಧ ಗಂಟೆ ಹೋಗಿ ದೀಪ ಹಚ್ಚುವ ಹೊತ್ತಾಯಿತು. ಅಷ್ಟರಲ್ಲಿ ಆ ಮುದುಕ ತನ್ನ ಮುದ್ದೆಯಲ್ಲಿ ಅರ್ಧ ಕೊಟ್ಟಿದ್ದ, ಸಿಳ್ಳೆ ಹೊಡೆಯುವುದನ್ನೂ ಕಲಿಸಿದ್ದ. ಹೊರಗೆ ಬಂದ ಶೀನು ಅಮ್ಮನಿಗೆ ಏನೆಂದ ಗೊತ್ತೆ? "ಜೈಲಿನ ಮುದ್ದೆ ನಿನ್ನ ಅನ್ನಕ್ಕಿಂತ ಚೆನ್ನಾಗಿದೆ ಕಣಮ್ಮ!"

ಇಲ್ಲಿ ಎಲ್ಲರೂ ನಗುತ್ತಾರೆ. ನಾನು ಸ್ವಲ್ಪ ತಡೆದು, ನಗು ಮುಗಿಯಲು ಬಿಟ್ಟು, ಮುದ್ದೆಯ ಮಾತನ್ನು ಇನ್ನೊಮ್ಮೆ ಹೇಳುತ್ತೇನೆ, ಮತ್ತೆ ನಗುತ್ತಾರೆ. ಒಬ್ಬ ಶೀನು ಮಾತ್ರ ಅಲ್ಲಿ ಇರುತ್ತಿರಲಿಲ್ಲ. ನಾನು ಕಟಕಟೆಗೆ ಬರುವ ಹೊತ್ತಿಗೆ, "ಐಸ್ ಮುಗ್ದಿದೆ, ಸರ್ವೋಗೆ ಹೋಗ್ಬರ್ತೀನಿ" ಎಂದು ಕಾರು ತೆಗೆದುಕೊಂಡು ಪೆಟ್ರೋಲ್ ಬಂಕಿಗೆ ಹೊರಟುಬಿಡುತ್ತಿದ್ದ. ಡಬ್ಬದ ತುಂಬ ಐಸ್ ಇದ್ದರೂ. ನಾಚಿಕೆ ಪಾಪ, ಎಂದುಕೊಳ್ಳುತ್ತಿದ್ದೆ.

ಎಂದುಕೊಳ್ಳುತ್ತಿದ್ದೆನೆ? ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ. ಆ ಕಥೆಯಲ್ಲಿ ಒಂದು ಜಾಗವನ್ನು ನಾನು ಯಾವಾಗಲೂ ಬೇಗ ಬೇಗ ದಾಟಿಬಿಡುತ್ತೇನೆ. ಅರಗು ಬೇಕಾಗಿದ್ದುದು ನನಗೆ. ಕಾನ್ವೆಂಟಿನಲ್ಲಿ ಮದರ್ ಸುಪೀರಿಯರ್ ಅವರ ಫೀಸ್ಟ್ ಡೇ ಬರುತ್ತಿತ್ತು. ಎಲ್ಲ ಹುಡುಗಿಯರೂ ಕಾರ್ಡ್ ಕೊಡುತ್ತಾರೆ. ನನ್ನ ಲಕೋಟೆಗೆ ಮಾತ್ರ ಕೋರ್ಟಿನ ಲಕೋಟೆಯಂತೆ ಕೆಂಪು ಮೊಹರು ಇರಬೇಕು ಎಂದು ಆಸೆ. "ಶೀನಾ, ಒಂದೇ ಒಂದು ತುಂಡು ತಂದ್ಕೊಡೋ" ಎಂದು ಗೋಗರೆದೆ. ಆ ದಿನಗಳಲ್ಲಿ ಅವನು ನನ್ನ ಬಾಲ. ನಾನು ಎಲ್ಲಿ ಹೋದರೂ ಹಿಂದೆ. ಬಾವಿಗೆ ಹಾರು ಎಂದಿದ್ದರೆ ಯಾವ ಕಡೆಯಿಂದ ಎಂದು ಕೇಳುವವನು. ತಂದುಕೊಟ್ಟ. ಮುರಿದು ಅರ್ಧ ನನ್ನ ಪೆನ್ಸಿಲ್ ಬಾಕ್ಸಿಗೆ ಹಾಕಿದೆ. ಉಳಿದರ್ಧ ಅವನ ಜೇಬಿನಲ್ಲಿ ಕರಗಿತು. ವಿತ್ ಮೈ ಓನ್ ಐಸ್ ಎಂದು ನಾನು ಹೇಳುತ್ತಿದ್ದಾಗ ಆ ಪೆನ್ಸಿಲ್ ಬಾಕ್ಸು ನನ್ನ ಹೆಗಲ ಚೀಲದಲ್ಲೇ ಇತ್ತು. ಅಪ್ಪ ಅವನನ್ನು, ತೆಗೆದುಕೊಂಡೆಯಾ ಎಂದು ಕೇಳಿದರು. ಯಾಕೆ ಎಂದು ಕೇಳಲಿಲ್ಲ. ಶೀನು ಕಟಕಟೆಯ ಹಲಗೆಗಳ ಸಂದಿಯಿಂದ ನನ್ನನ್ನೊಮ್ಮೆ ನೋಡಿದ, "ಹೂಂ, ತಗೊಂಡೆ" ಎಂದ.

ಮಾರನೆಯ ದಿನದಿಂದ ಅವನು ನನ್ನ ಹಿಂದೆ ಬರಲಿಲ್ಲ. ಜಗಳ ಇಲ್ಲ, ಟೂ ಇಲ್ಲ. ಕರೆದರೆ ಬರುತ್ತಿದ್ದ, ಕರೆಯದಿದ್ದರೆ ಇಲ್ಲ. ಆಮೇಲೆ ಅವನು ಹಾಸ್ಟೆಲ್ಲಿಗೆ ಹೋದ, ಜಿಯಾಲಜಿ ಓದಿದ, ಪಶ್ಚಿಮ ಆಸ್ಟ್ರೇಲಿಯಾದ ಕೆಂಪು ಮಣ್ಣಿನಲ್ಲಿ ಕಬ್ಬಿಣ ಹುಡುಕಿಕೊಂಡು ಬಂದ. ಈಗ ನಾವಿಬ್ಬರೂ ಒಂದೇ ದೇಶದಲ್ಲಿದ್ದೇವೆ, ಮೂರು ಗಂಟೆ ಚಿಲ್ಲರೆ ವಿಮಾನದ ದಾರಿ. ಹಬ್ಬಕ್ಕೆ ಫೋನು, ದಿನಾ ಬೆಳಗ್ಗೆ ವಾಟ್ಸಾಪಿನಲ್ಲಿ ಒಂದು ಗುಲಾಬಿ ಹೂವು. ಎಲ್ಲ ಸರಿಯಾಗಿಯೇ ಇದೆ. ಆದರೂ ಸಂತೆಯಲ್ಲೋ ಶಾಪಿಂಗ್ ಸೆಂಟರಿನಲ್ಲೋ ನಡೆಯುವಾಗ ಈ ವಯಸ್ಸಿನಲ್ಲೂ ನಾನು ಹಿಂತಿರುಗಿ ನೋಡುತ್ತೇನೆ. ಚಡ್ಡಿ ಜಾರಿಸಿಕೊಂಡು, ಮೂಗು ಒರೆಸಿಕೊಂಡು, "ಅಕ್ಕಾ, ನಿಲ್ಲೇ" ಎನ್ನುವ ಒಬ್ಬ ಇರಬೇಕಿತ್ತು. ಅರವತ್ತು ವರ್ಷದಲ್ಲಿ ಅವನಿಗೆ ಒಂದು ಮಾತು ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದಿದ್ದೇನೋ. ಪ್ರತಿ ಸಲವೂ ಹೊರಗೆ ಬಂದದ್ದು ಆ ತಮಾಷೆಯ ಕಥೆಯೇ.

ಹೋದ ಚಳಿಗಾಲದ ರಜಕ್ಕೆ ಶೀನು ಅಡಿಲೇಡಿಗೆ ಬಂದ. ಭಾನುವಾರ ಹಳೇ ಕೋರ್ಟಿಗೆ ಹೋಗೋಣವೆಂದೆ. "ನೀವು ಹೋಗ್ಬನ್ನಿ. ನಂಗೆ ಮಂಡಿ ನೋವು" ಎಂದ. ಮೊಮ್ಮಗಳು ಕಾವ್ಯಾಗೆ ಹನ್ನೊಂದು ವರ್ಷ; ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಅವನ ಎರಡೂ ಕೈ ಹಿಡಿದು ಎಳೆದಳು. "ಕಮಾನ್, ಶೀನು ತಾತ! ಇಟ್ಸ್ ಎ ರಿಯಲ್ ಜೈಲ್!"

"ನಾನು ನೋಡಿದೀನಿ ಪುಟ್ಟಿ, ರಿಯಲ್ ಜೈಲು" ಎಂದ. ಆದರೂ ಎದ್ದ. ಕಾವ್ಯಾಗೆ ಇಲ್ಲ ಎನ್ನುವುದು ಅವನಿಂದ ಆಗುವುದಿಲ್ಲ.

ಮಾರ್ಜರಿ ಎಂದಿನಂತೆ ಕೋರ್ಟು ತೋರಿಸಿದಳು. ಶೀನು ಬಾಗಿಲಲ್ಲೇ ನಿಂತಿದ್ದ. ಹಿಂದಿನ ಜೈಲಿಗೆ ಹೋದೆವು. ಅವನು ಜಾಕೆಟ್ಟಿನ ಜೇಬಿನಲ್ಲಿ ಕೈ ತುರುಕಿಕೊಂಡು ಅಂಗಳದಲ್ಲೇ ಉಳಿದ. ಮಾರ್ಜರಿ ಕೋಣೆಯ ಗೋಡೆ ತಟ್ಟಿ, ಇದರ ಆ ಕಡೆ ಕೀಪರನ ಅಡುಗೆಮನೆ, ಮನೆಯವರು ಕೂತು ಟೀ ಕುಡಿಯುತ್ತ ಆಡುವ ಮಾತೆಲ್ಲ ಇಲ್ಲಿದ್ದವರಿಗೆ ಕೇಳಿಸುತ್ತಿತ್ತಂತೆ, ಎಂದಳು. ನಾನು ಈ ಮೊದಲು ಬಂದಾಗಲೂ ಅವಳು ಅದನ್ನು ಹೇಳಿದ್ದಿರಬೇಕು. ನನ್ನ ಮಾತಿನ ಭರದಲ್ಲಿ ನಾನೆಲ್ಲಿ ಕೇಳಿಸಿಕೊಂಡೆ.

ಶೀನು ಒಳಗೆ ಬಂದ. ಜೇಬಿನಿಂದ ಕೈ ತೆಗೆದು ಗೋಡೆಯ ಮೇಲಿಟ್ಟ. "ಯೆಸ್. ಯು ಕ್ಯಾನ್ ಹಿಯರ್ ಎವೆರಿಥಿಂಗ್" ಎಂದ.

ಕಾವ್ಯಾಗೆ ಪರೀಕ್ಷೆ ಮಾಡುವ ಹುಮ್ಮಸ್ಸು. ಅಮ್ಮನನ್ನು ಎಳೆದುಕೊಂಡು ಅಡುಗೆಮನೆಯ ಕಡೆ ಓಡಿದಳು. ಮಾರ್ಜರಿಗೆ ಒಂದು ಅಭ್ಯಾಸವಿದೆ: ಬಂದವರನ್ನು ಕೋಣೆಯೊಳಗೆ ನಿಲ್ಲಿಸಿ ಎರಡು ಮೂರು ನಿಮಿಷ ಬಾಗಿಲು ಮುಚ್ಚುವುದು, ಆಗಿನ ಕೈದಿಗಳಿಗೆ ಹೇಗಿತ್ತೆಂದು ತಿಳಿಯಲಿ ಎಂದು. "ರೆಡಿ?" ಎಂದಳು. ನಾನು ಶೀನುವಿನ ಮುಖ ನೋಡಿದೆ. ಅವನು ಬೇಡ ಎನ್ನಲಿಲ್ಲ. ಬಾಗಿಲು ಮುಚ್ಚಿತು. ಹಾಡುಹಗಲು, ಆದರೂ ನನ್ನ ಕೈ ನನಗೇ ಕಾಣಲಿಲ್ಲ. ಗೋಡೆಯ ಆಚೆಯಿಂದ ಕಾವ್ಯಾಳ ಧ್ವನಿ ಬಂತು, ನೀರಿನ ಕೆಳಗಿನಿಂದ ಬಂದ ಹಾಗೆ. "ಅಜ್ಜೀ! ಕ್ಯಾನ್ ಯೂ ಹಿಯರ್ ಮೀ?"

"ಅಕ್ಕ" ಎಂದ ಶೀನು.

"ಹೇಳೋ."

"ನೀನವತ್ತು ರೆಸಿಟೇಶನ್ ಪ್ರಾಕ್ಟೀಸ್ ಮಾಡ್ತಿದ್ದೆ."

ಹೌದು. ಸೋಮವಾರ ಎಲೊಕ್ಯೂಶನ್ ಕಾಂಪಿಟಿಶನ್ ಇತ್ತು. ಅಮ್ಮನಿಗೆ ಹೇಳಿ ಗಾಬರಿ ಮಾಡಬೇಡ ಎಂದು ಅಪ್ಪ ಅಂದಿದ್ದರು. ಶೀನು ಅಪ್ಪನ ಜೊತೆ ಹೋಗಿದ್ದಾನೆ ಎಂದೇ ಅಮ್ಮ ತಿಳಿದಿದ್ದಳು. ಅವನೆಲ್ಲಿದ್ದಾನೆಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ತುಂಬ ಇಂಗ್ಲಿಷ್ ಪದ್ಯ ಇಟ್ಟುಕೊಂಡಿದ್ದರೆ ಬೇರೆ ಮಾತು ಹೊರಗೆ ಬರುವುದಿಲ್ಲ ಎಂದು ಆ ಪದ್ಯವನ್ನೇ ಮತ್ತೆ ಮತ್ತೆ ಹೇಳಿದೆ, ಕತ್ತಲಾಗುವವರೆಗೆ.

"ಕೈ ಎತ್ತೋ ಕಡೆ ನಿನ್ನ ಬಳೆ ಶಬ್ದಾನೂ ಕೇಳ್ಸೋದು" ಎಂದ. "ನೀನು ನಿಲ್ಸಿದಾಗೆಲ್ಲ ಅಂದ್ಕೊಳ್ತಿದ್ದೆ, ಈಗ ಅಕ್ಕ ಅಮ್ಮಂಗೆ ಹೇಳಕ್ಕೆ ಹೋದ್ಲು, ಈಗ ಬರ್ತಾಳೆ ಅಂತ. ನೀನು ನೀರು ಕುಡ್ದು ಮತ್ತೆ ಮೊದ್ಲಿಂದ ಶುರು ಮಾಡ್ತಿದ್ದೆ."

"ಶೀನಾ..."

"ಕೋಣೆ ಏನೂ ಹೆದ್ರಿಕೆ ಆಗ್ಲಿಲ್ಲ ಕಣೆ. ಆ ತಾತ ಒಳ್ಳೆಯವ್ನು. ಮುದ್ದೆ ಮಾತ್ರ ಗಂಟ್ಲಲ್ಲಿ ಇಳೀಲಿಲ್ಲ. ಹೊರಗೆ ಬಂದಾಗ ಅಮ್ಮ ಅಳ್ತಾ ನಿಂತಿದ್ಲಲ್ಲ, ನಗ್ಲಿ ಅಂತ ಹಂಗಂದೆ."

ಆಮೇಲೆ ಆ ಕತ್ತಲಲ್ಲಿ ಅವನು ಆ ಪದ್ಯ ಹೇಳಿದ. ಪೂರ್ತಿ. ಸಿಸ್ಟರ್ ಫಿಲೋಮಿನಾ ನನಗೆ ಕಲಿಸಿದ ಅದೇ ಏರಿಳಿತ, ಎರಡನೆಯ ಸಾಲಿನ ಕೊನೆಗೆ ನಾನು ನುಂಗುತ್ತಿದ್ದ ಅದೇ ಉಸಿರು. ನನಗೆ ಅದರ ಒಂದು ಸಾಲೂ ನೆನಪಿರಲಿಲ್ಲ. ಕಾಂಪಿಟಿಶನ್ನಿನಲ್ಲಿ ಪ್ರೈಜ್ ಬಂದಿತ್ತೋ ಇಲ್ಲವೋ ಅದೂ ನೆನಪಿಲ್ಲ. ಎಪ್ಪತ್ತರ ಹತ್ತಿರ ಬಂದ ಗಂಡಸಿನ ಒಡೆದ ಧ್ವನಿಯಲ್ಲಿ ಹತ್ತು ವರ್ಷದ ನಾನು ನನಗೇ ಕೇಳಿಸುತ್ತಿದ್ದೆ.

ಅರಗು ನನಗೆ ಬೇಕಿತ್ತು ಕಣೋ ಎನ್ನಬೇಕು. ಅದೇ ಸಮಯ, ಅದೇ ಜಾಗ. ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ಬಾಗಿಲು ತೆರೆಯಿತು, ಬೆಳಕಿನಲ್ಲಿ ಮಾರ್ಜರಿ ನಿಂತು, "ಸ್ಟಿಲ್ ಫ್ರೆಂಡ್ಸ್?" ಎಂದು ನಕ್ಕಳು. ಎಲ್ಲರಿಗೂ ಮಾಡುವ ತಮಾಷೆ ಅದು. ಶೀನು ಕೂಡ ನಕ್ಕು ಹೊರಗೆ ಹೋದ.

ದಾರಿಯುದ್ದಕ್ಕೂ ನಾನು ಕಿಟಕಿಯ ಹೊರಗೆ ನೋಡಿದೆ. ಕಾರಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಧೈರ್ಯದ ಅಳತೆ ನಿಮಗೆ ಇಷ್ಟು ಹೊತ್ತಿಗೆ ತಿಳಿದಿರಬೇಕು.

ಮನೆಗೆ ಬರುವ ಹೊತ್ತಿಗೆ ಅಳಿಯ ಹಿತ್ತಲಿನಲ್ಲಿ ಬಾರ್ಬೆಕ್ಯೂ ಒಲೆ ಹೊತ್ತಿಸಿ ಜೋಳ, ಪನೀರು ಸುಡುತ್ತಿದ್ದ. ಇನ್ನೂ ಬಿಸಿಲಿತ್ತು. ಎರಡು ಮೂರು ಕನ್ನಡದ ಸಂಸಾರಗಳು ಬಂದಿದ್ದವು. ಆಶಾ ಎಲ್ಲಿ ಹೋಗಿದ್ದೆವೆಂದು ಹೇಳಿದಳು. ಬಂದವರಲ್ಲಿ ಒಬ್ಬ, ಮೈಸೂರಿನ ಹುಡುಗ, "ಹಂಗಾದ್ರೆ ಆಂಟಿ, ಜೈಲಿನ ಕಥೆ ಆಗ್ಲೇಬೇಕು. ನನ್ನ ಹೆಂಡ್ತಿ ಕೇಳಿಲ್ಲ" ಎಂದ.

"ಇವತ್ತು ಬೇಡಪ್ಪ" ಎಂದೆ.

"ಯಾಕೆ ಆಂಟಿ, ಗಂಟ್ಲು ಸರಿಯಿಲ್ವಾ?"

"ನಾನ್ ಹೇಳ್ತೀನಿ" ಎಂದ ಶೀನು.

ಆಶಾ ನನ್ನನ್ನು ನೋಡಿದಳು. ಶೀನು ಮಾಮ ಆ ಕಥೆ ಹೇಳಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿಲ್ಲ. ಅವನು ಬೆಂಚಿನ ಮೇಲೆ ಕೂತು, ಕಾವ್ಯಾಳ ಕಡೆ ತಿರುಗಿ ಶುರುಮಾಡಿದ. ಚೆನ್ನಾಗಿ ಹೇಳಿದ, ನನಗಿಂತ ಚೆನ್ನಾಗಿ. ಮರಿಯಪ್ಪನ ಮೂರನೆಯ ಕೂಗನ್ನು ಎಳೆದಾಗ ಎಲ್ಲರೂ ನಕ್ಕರು. ನನ್ನ ಸಾಕ್ಷಿಯ ಇಂಗ್ಲಿಷನ್ನು ಹಾಗೇ ಮಾಡಿ ತೋರಿಸಿದ. ನನಗೂ ನಗು ಬಂತು, ಬರಬಾರದಿತ್ತು. ಗೋಡೆಯ ಮಾತು, ಪದ್ಯದ ಮಾತು ಎತ್ತಲಿಲ್ಲ. ಮುದ್ದೆಯ ಮಾತಿಗೆ ಎಂದಿನಂತೆ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಕಾವ್ಯಾ ನಗಲಿಲ್ಲ. ಜೋಳ ಕೈಯಲ್ಲೇ ಹಿಡಿದುಕೊಂಡು, "ಬಟ್ ವೈ ಡಿಡ್ ಯೂ ಈವನ್ ವಾಂಟ್ ದಟ್ ವ್ಯಾಕ್ಸ್, ಶೀನು ತಾತ?" ಎಂದಳು.

ಅರವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅಪ್ಪ ಕೇಳಲಿಲ್ಲ, ಅಮ್ಮ ಕೇಳಲಿಲ್ಲ, ಕಥೆ ಕೇಳಿ ನಕ್ಕ ನೂರಾರು ಜನರಲ್ಲಿ ಒಬ್ಬರೂ ಕೇಳಲಿಲ್ಲ.

ಶೀನು ಒಂದು ಗಳಿಗೆಯೂ ಯೋಚಿಸಲಿಲ್ಲ. "ಬುಗುರಿಗೆ ಪುಟ್ಟಿ. ಮೊಳೆ ಸಡಿಲ ಆಗಿತ್ತು. ಅರಗು ಹಾಕಿ ಕೂರಿಸೋಣ ಅಂತ" ಎಂದ.

ಅವನ ಹತ್ತಿರ ಆಗ ಬುಗುರಿಯೇ ಇರಲಿಲ್ಲ.

"ಬುಗುರಿಗಲ್ಲ" ಎಂದೆ. ನನ್ನ ಧ್ವನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. ಅಳಿಯ ಇಕ್ಕಳ ಹಿಡಿದು ತಿರುಗಿದ. "ನಂಗೆ. ನನ್ನ ಲಕೋಟೆಗೆ ಮೊಹರು ಹಾಕ್ಬೇಕ್ ಅಂತ ನಾನೇ ಕೇಳಿದ್ದೆ. ತಂದ್ಕೊಟ್ಟ. ಅರ್ಧ ನನ್ನ ಪೆನ್ಸಿಲ್ ಬಾಕ್ಸಲ್ಲೇ ಇತ್ತು, ಸಾಕ್ಷಿ ಹೇಳೋವಾಗ."

ಆಶಾ ಕೈಯಲ್ಲಿದ್ದ ತಟ್ಟೆಗಳನ್ನು ನಿಧಾನವಾಗಿ ಕೆಳಗಿಟ್ಟಳು. ಕಾವ್ಯಾ ನನ್ನನ್ನು ನೋಡಿದಳು, ಅವನನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. "ಅಜ್ಜಿ! ಯೂ ಡಾಬ್ಡ್ ಹಿಮ್ ಇನ್? ಆಂಡ್ ಇಟ್ ವಾಸ್ ಫಾರ್ ಯೂ?" ಚಾಡಿ ಹೇಳುವುದಕ್ಕೆ ಈ ದೇಶದ ಮಕ್ಕಳ ಮಾತು ಅದು. ಇವರ ಸ್ಕೂಲುಗಳಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ.

"ಹೂಂ" ಎಂದೆ. "ಎಲ್ಲಿದ್ದಾನೆ ಅಂತ್ಲೂ ಗೊತ್ತಿತ್ತು. ಹೋಗ್ಲಿಲ್ಲ."

ಶೀನುವಿನ ಮುಖ ನೋಡುವ ಧೈರ್ಯ ಬರಲು ಸ್ವಲ್ಪ ಹೊತ್ತು ಬೇಕಾಯಿತು. ನೋಡಿದಾಗ ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದ. ಹಾಕಿಕೊಂಡ. ಬೆಂಚಿನ ಮೇಲೆ ಒಂದು ಪಕ್ಕಕ್ಕೆ ಸರಿದು ಜಾಗ ಮಾಡಿದ.

"ಬಂದ್ಯಾ ಅಕ್ಕ?" ಎಂದ.